ಕೌದಿಯ ಹೊಟ್ಟೆ ಸೇರಿದ ನನ್ನ ರಗ್ಗು

ವಯಸ್ಸು ಐವತ್ತು ದಾಟಿದ ಮೇಲೆ ನಿದ್ದೆ ತಾನಾಗಿ ಬರುವುದಿಲ್ಲ, ಅದನ್ನು ಕರೆಯಬೇಕಾಗುತ್ತದೆ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕರೆಯುತ್ತಾರೆ. ನಮ್ಮ ಡಾಕ್ಟರು ಮೊಬೈಲಿನಲ್ಲಿ ಪ್ರವಚನ ಹಚ್ಚುತ್ತಾರೆ; ಸ್ವಾಮಿಗಳು ಪೀಠಿಕೆ ಮುಗಿಸುವುದರೊಳಗೆ ಇವರ ಗೊರಕೆ ಶುರುವಾಗಿರುತ್ತದಂತೆ. ನನ್ನ ಹೆಂಡತಿ ಗಿರಿಜಾ ನಾಳೆ ಏನು ಪಲ್ಯ ಮಾಡಲಿ ಎಂದು ನನ್ನನ್ನು ಕೇಳಿ, ನಾನು ಉತ್ತರ ಯೋಚಿಸುತ್ತಿರುವಾಗಲೇ ಮಲಗಿಬಿಡುತ್ತಾಳೆ. ನಾನು ಎಡಗಾಲಿನ ಹೆಬ್ಬೆರಳನ್ನು ರಗ್ಗಿನ ತೂತಿನಲ್ಲಿ ತೂರಿಸಿ ಮಲಗುವವನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ತೂತು ಇದ್ದಷ್ಟು ಬೆರಳು ಚಾಚು ಎಂಬುದು ಅದಕ್ಕೆ ನನ್ನ ಸೇರ್ಪಡೆ. ಬೆರಳು ತೂತಿನಲ್ಲಿ ಸರಿಯಾಗಿ ಕೂತಿತೆಂದರೆ ಯಾರೋ ಒಳಗಿನಿಂದ ಲೈಟು ಆರಿಸಿದ ಹಾಗಾಗುತ್ತದೆ. ನಾನು ಹಾನಗಲ್ಲಿನಲ್ಲಿ ದನಗಳ ಆಸ್ಪತ್ರೆಯ ಕಾಂಪೌಂಡರು. ಹೊದಿಕೆಯಿಲ್ಲದೆ, ತೂತಿಲ್ಲದೆ, ನಿಂತಲ್ಲೇ ಕಣ್ಣು ಮುಚ್ಚುವ ಎಮ್ಮೆಗಳನ್ನು ದಿನವೂ ನೋಡಿ ಹೊಟ್ಟೆಕಿಚ್ಚು ಪಡುತ್ತ ಬಂದವನು.

ಆ ರಗ್ಗು ಹಸಿರು ಬಣ್ಣದ್ದು. ಅಂಚಿಗೆ ಎರಡು ಕೆಂಪು ಪಟ್ಟಿ. ಹಸಿರು ಎಂದು ನಾನು ಹೇಳುತ್ತಿದ್ದೆ, ಮನೆಯವರು ಯಾರೂ ಒಪ್ಪುತ್ತಿರಲಿಲ್ಲ. ನೌಕರಿ ಸಿಕ್ಕ ಹೊಸದರಲ್ಲಿ ಹಿರೇಕೆರೂರಿನ ಸಂತೆಯಲ್ಲಿ ಕೊಂಡದ್ದು. ಅದು ಮೈಗೆ ಚುಚ್ಚುತ್ತಿತ್ತು, ಬಿಸಿಲಿಗೆ ಹಾಕಿದರೆ ಕುರಿದೊಡ್ಡಿಯ ವಾಸನೆ, ಮಳೆಗಾಲದಲ್ಲಿ ಅದಕ್ಕೂ ಮೀರಿದ ವಾಸನೆ. ಮಗಳು ಸುಮಾ ಚಿಕ್ಕವಳಿದ್ದಾಗ ಜ್ವರ ಬಂದರೆ ನನ್ನ ಮಗ್ಗುಲಿಗೆ ಬಂದು ಅದರೊಳಗೇ ನುಗ್ಗುವವಳು, ನುಗ್ಗಿ, "ಅಪ್ಪಾ, ನಿನ್ನ ರಗ್ಗು ನಾರತೈತಿ" ಎಂದು ಮೂಗು ಹಿಡಿದುಕೊಂಡೇ ನಿದ್ದೆ ಹೋಗುವವಳು. ಗಿರಿಜಾ ಅದನ್ನು ಎಷ್ಟೋ ಸಲ ಎಸೆಯಲು ನೋಡಿದಳು. ನಾನು ಎದ್ದ ಕೂಡಲೇ ಮಡಚಿ ಅಲಮಾರಿನ ಮೇಲಿಟ್ಟು, ಆಸ್ಪತ್ರೆಗೆ ಹೋಗುವ ಮೊದಲು ಒಮ್ಮೆ ಕತ್ತೆತ್ತಿ ನೋಡಿ ಹೋಗುತ್ತಿದ್ದೆ. ನಮ್ಮ ಲಗ್ನದ ಫೋಟೋವನ್ನು ನಾನು ಹಾಗೆ ಒಂದು ದಿನವೂ ನೋಡಿಲ್ಲವೆಂಬುದು ಅವಳ ಆಕ್ಷೇಪಣೆ.

ಈಗ ಕೌದಿಯ ವಿಷಯ ಹೇಳಬೇಕು. ನಮ್ಮ ಕಡೆ ಮನೆಯಲ್ಲಿ ಯಾವುದಾದರೂ ಬಟ್ಟೆ ಕಾಣೆಯಾದರೆ ಪೊಲೀಸರ ಹತ್ತಿರ ಹೋಗಬೇಕಿಲ್ಲ, ಮನೆಯ ಕೌದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರೆ ಸಾಕು. ಹಳೇ ಸೀರೆಗಳನ್ನು ಮೇಲೆ ಕೆಳಗೆ ಹಾಸಿ, ನಡುವೆ ಹರಿದ ದುಪ್ಪಟಿ, ಸವೆದ ಕಂಬಳಿ, ಕೂದಲುದುರಿದ ರಗ್ಗು ಏನಾದರೂ ಒಂದನ್ನು ಹರಡಿ, ಹೆಂಗಸರು ನಾಲ್ಕೂ ದಿಕ್ಕಿಗೆ ಕೂತು ಸಾಲು ಸಾಲು ಹೊಲಿಗೆ ಹಾಕುತ್ತಾರೆ. ನಡುವೆ ಹಾಕುವ ಆ ಹಳೆಯದಕ್ಕೆ ನಮ್ಮವ್ವ ಕೌದಿಯ ಹೊಟ್ಟೆ ಎನ್ನುತ್ತಾಳೆ. ಹೊಟ್ಟೆಗೆ ಹೊಸದನ್ನು ಹಾಕಬಾರದೆಂಬುದು ಅವಳ ಕಟ್ಟಪ್ಪಣೆ. "ನಿದ್ದಿ ಕಂಡ ಅರಿಬಿ ಆಗಿರಬೇಕು. ಅಂಗಡ್ಯಾಗಿಂದು ಏನ ನಿದ್ದಿ ಕಂಡಿರತೈತಿ? ರಾತ್ರಿಯೆಲ್ಲಾ ಕಪಾಟಿನಾಗ ನಿಂತಿರತೈತಿ" ಎನ್ನುತ್ತಾಳೆ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಒಣ ರೊಟ್ಟಿ ಇಟ್ಟು ಹೊಲಿಯುವುದು ನಮ್ಮ ಮನೆಯ ಪದ್ಧತಿ. ಕೌದಿ ಹಸಿದುಕೊಂಡು ಇರಬಾರದಂತೆ. ಹಸಿದ ಕೌದಿ ಹೊದ್ದವರ ನಿದ್ದೆಯನ್ನೇ ತಿನ್ನುತ್ತದಂತೆ. ಒಮ್ಮೆ ಹೊಲಿದು ಹೊಟ್ಟೆ ತುಂಬಿಸಿದ ಮೇಲೆ ಅದನ್ನು ಬಿಚ್ಚುವುದೂ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ರಗ್ಗು ಎಲ್ಲಿಗೆ ಹೋಯಿತೆಂದು ನಿಮಗೆ ತಿಳಿದೇ ಹೋಗಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನನಗೆ ತಿಳಿಯಲಿಲ್ಲ ಎಂಬುದೇ ಈ ಪ್ರಬಂಧ.

ಸುಮಾಳ ಮದುವೆ ಗೊತ್ತಾದಾಗ, ಲಗ್ನಪತ್ರಿಕೆ ಹಂಚಲು ನಾನು ಹಿರೇಕೆರೂರಿನ ಕಡೆ ಹೊರಟೆ. ಮಾಸೂರಿನಲ್ಲಿ ನಮ್ಮಕ್ಕನ ಮನೆಯಿದೆ. ಭಾವ ಊಟದ ಮೇಲೆ ಊಟ ಹಾಕಿ, ಮದಗದ ಕೆರೆ ತೋರಿಸಿ, ಅದನ್ನು ಹುಟ್ಟಿದಾಗಿನಿಂದ ನೋಡಿದವನಿಗೇ ಅದರ ಅಗಲ ವಿವರಿಸಿ ನಿಧಾನ ಮಾಡಿ ಕಳಿಸಿದರು. ತಿರುಗಿ ಬಂದಾಗ ನಮ್ಮ ಪಡಸಾಲೆಯ ತುಂಬ ಒಂದು ಕೌದಿ ಹರಡಿತ್ತು. ಅವ್ವ ಒಂದು ಮೂಲೆ, ಗಿರಿಜಾ ಒಂದು ಮೂಲೆ, ಓಣಿಯ ಒಬ್ಬಾಕೆ ಮತ್ತೊಂದು ಮೂಲೆ, ನಾಲ್ಕನೆಯ ಮೂಲೆಗೆ ಮದುಮಗಳೇ ಕೂತಿದ್ದಳು. ಸುಮಾ ಲೆಕ್ಕದಲ್ಲಿ ಜಾಣೆ, ಸೂಜಿಯಲ್ಲಿ ಅಲ್ಲ. ಅವಳ ಒಂದೊಂದು ಹೊಲಿಗೆಯೂ ಒಂದೊಂದು ದಾಪುಗಾಲು. ಅವ್ವ ಕನ್ನಡಕ ಏರಿಸಿ ನೋಡಿ, "ಯವ್ವಾ, ಈ ಹೊಲಿಗ್ಯಾಗ ಎಮ್ಮಿ ಕಾಲು ಸಿಗತಾವ. ನಿಮ್ಮಪ್ಪನ ದವಾಖಾನಿಗೆ ಬೇಕಾದ್ರ ಕಳಸೂಣು" ಎಂದಳು. ನಾನು ದೊಡ್ಡ ಜಾಣನ ಹಾಗೆ ಕೌದಿಯನ್ನು ಒತ್ತಿ ನೋಡಿ, "ಹೊಟ್ಟಿ ಚಲೋ ತುಂಬೈತಲ್ಲ!" ಎಂದೆ.

"ಹೂನಪಾ, ಗಟ್ಟಿ ಊಟಾನ ಹಾಕೇವಿ" ಎಂದಳು ಅವ್ವ. ಗಿರಿಜಾ ಆಗಲೇ ಕೆಮ್ಮು ಬಂದು ಒಳಗೆ ಎದ್ದು ಹೋದಳು. ಸುಮಾ ತಲೆ ಬಗ್ಗಿಸಿ ಇನ್ನೊಂದು ದಾಪುಗಾಲು ಹಾಕಿದಳು. ಅಂದು ಬೀಗರು ಬಂದು ಹೋದ ದಿನ, ಮನೆಯಲ್ಲಿ ಸಕ್ಕರೆ ಹೋಳಿಗೆ ಉಳಿದಿತ್ತು. ಮೊಮ್ಮಗಳ ಕೌದಿಗೆ ಒಣ ರೊಟ್ಟಿ ಯಾಕೆ ಎಂದು ಅವ್ವ ಕೊನೆಯ ಮೂಲೆಗೆ ಹೋಳಿಗೆಯ ಚೂರನ್ನೇ ಇಟ್ಟು, ಬಾಯಿ ಹೊಲಿದುಬಿಟ್ಟಳು. ನಾನು ಉಳಿದ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ತಿಂದೆ.

ಮಲಗುವಾಗ ಅಲಮಾರಿನ ಮೇಲೆ ನೋಡಿದರೆ ರಗ್ಗಿಲ್ಲ. ಗಿರಿಜಾಳನ್ನು ಕೇಳಿದೆ. "ಮದವಿ ಮನಿರಿ, ಯಾರ ಮ್ಯಾಲ ಹೊಚ್ಚೇವೋ ಯಾರಿಗೆ ನೆನಪೈತಿ? ಇಲ್ಲೇ ಎಲ್ಲ್ಯರ ಇರತೈತಿ ತಗೋರಿ" ಎಂದಳು. ಮಾತು ಸುಳ್ಳಲ್ಲ. ಆಗ ರಗ್ಗು ನನ್ನಿಂದ ಬಹಳ ಎಂದರೆ ಒಂದು ಗೋಡೆಯ ಆಚೆ ಇತ್ತು. ಮದುವೆಯ ಗಡಿಬಿಡಿಯಲ್ಲಿ ನಿದ್ದೆಗೂ ಪುರಸೊತ್ತಿರಲಿಲ್ಲವಾದ್ದರಿಂದ ನಾನೂ ಸುಮ್ಮನಾದೆ. ಮದುವೆ ಮುಗಿಯಿತು, ಸುಮಾ ಶಿಗ್ಗಾಂವಿಗೆ ಹೋದಳು, ಅವಳ ಗಾದಿ ಪಾತ್ರೆಗಳೊಂದಿಗೆ ಕೌದಿಯೂ ಹೋಯಿತು. ಮನೆ ಖಾಲಿಯಾದ ಮೇಲೆ ನಾನು ಮೂಲೆ ಮೂಲೆ ಹುಡುಕಿದೆ. ರಗ್ಗು ಎಲ್ಲೂ ಇರಲಿಲ್ಲ.

ಯಾರೋ ನೆಂಟರು ಹೊದ್ದುಕೊಂಡು ಹೋಗಿರಬೇಕೆಂದು ನನ್ನ ತೀರ್ಮಾನವಾಯಿತು. ಆದರೆ ಮದುವೆಗೆ ಬಂದವರಿಗೆ ಫೋನು ಮಾಡಿ ನಮ್ಮ ರಗ್ಗು ಒಯ್ದಿರೇನು ಎಂದು ಕೇಳಲಾಗುತ್ತದೆಯೇ? ಸಂಬಂಧ ಹರಿಯುತ್ತದೆ. ಸೂಕ್ಷ್ಮವಾಗಿ ತಿಳಿದುಕೊಳ್ಳೋಣವೆಂದು ಒಬ್ಬೊಬ್ಬರಿಗೇ ಫೋನು ಮಾಡಿ, "ನಿಮ್ಮಲ್ಲೆ ಥಂಡಿ ಹೆಂಗೈತಿ? ಹೊಚಗೊಳ್ಳಾಕ ಏನ ಮಾಡೀರಿ?" ಎಂದು ವಿಚಾರಿಸಿದೆ. ಮಗಳು ಹೋದ ಮೇಲೆ ಇವನಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದು ಬಳಗದಲ್ಲಿ ಸುದ್ದಿಯಾಯಿತು. ಮಾಸೂರಿನ ಭಾವ ಮಾತ್ರ ಬೇರೆ ಅರ್ಥ ಮಾಡಿಕೊಂಡರು. "ಪಾಪ, ಮದವಿ ಮಾಡಿ ಕೈ ಖಾಲಿ ಮಾಡ್ಕೊಂಡಾನ, ಬಾಯಿಬಿಟ್ಟು ಕೇಳಾಕ ನಾಚಿಗಿ" ಎಂದು ಅಕ್ಕನ ಮುಂದೆ ಮರುಗಿ, ಯಾರದೋ ಕೈಯಲ್ಲಿ ನನಗೊಂದು ಹೊಸ ರಗ್ಗು ಕಳಿಸಿಕೊಟ್ಟರು. ಪೇಟೆಯಲ್ಲಿ ಈಗ ಸಿಗುತ್ತದಲ್ಲ, ಬೆಕ್ಕಿನ ಮೈಯಂತೆ ಜಾರುವ ರಗ್ಗು, ಅಂಥದ್ದು. ಅದರ ತುಂಬ ಒಂದೇ ಒಂದು ಹುಲಿಯ ಮುಖ. ಹೊದ್ದುಕೊಂಡರೆ ಹುಲಿಯ ಕಣ್ಣು ಸರಿಯಾಗಿ ನನ್ನ ಗದ್ದದ ಕೆಳಗೆ ಬರುತ್ತಿತ್ತು. ಜಾರಿ ಜಾರಿ ಹೋಗುವುದು, ಎಳೆದುಕೊಂಡರೆ ಚಟಪಟ ಕಿಡಿ ಹಾರುವುದು. ಹೆಬ್ಬೆರಳು ತೂರಿಸಲು ಒಂದು ತೂತು ಮಾಡೋಣವೆಂದು ಕತ್ತರಿ ಹಿಡಿದೆ. ಹುಲಿಯ ಮೂಗಿನ ಹೊಳ್ಳೆಯೇ ಅನುಕೂಲದ ಜಾಗವಾಗಿತ್ತು. ಗಿರಿಜಾ, "ಭಾವಾರು ಪ್ರೀತಿಲೆ ಕಳಿಸ್ಯಾರ, ಕತ್ತರಿ ಹಚ್ಚೀರಿ ಅಂದ್ರ ನೋಡ್ರಿ ಮತ್ತ" ಎಂದು ಕತ್ತರಿ ಕಸಿದುಕೊಂಡಳು. ಹೀಗಾಗಿ ಹುಲಿಯೂ ನಾನೂ ಕಣ್ಣು ಬಿಟ್ಟುಕೊಂಡು ಬೆಳಗು ಮಾಡತೊಡಗಿದೆವು.

ನಿದ್ದೆ ಎಲ್ಲಿಗೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ನನ್ನದು ಆಸ್ಪತ್ರೆಗೆ ಬಂತು. ಔಷಧದ ಬಾಟಲಿಗಳ ನಡುವೆ ಮೇಜಿಗೆ ತಲೆ ಹಚ್ಚಿದರೆ ಸಾಕು, ಲೋಕವೇ ಇಲ್ಲ. ಒಂದು ದಿನ ಆಡೂರಿನ ಒಬ್ಬ ರೈತ ಎಮ್ಮೆಗೆ ಇಂಜೆಕ್ಷನ್ ಮಾಡಿಸಲು ಬಂದವನು ಬಾಗಿಲಲ್ಲಿ ನಿಂತು ಬಹಳ ಹೊತ್ತು ಕಾದು, ಕೊನೆಗೆ, "ಸಾಹೇಬ್ರ, ಎಮ್ಮಿ ಎದ್ದು ನಿಂತೈತ್ರಿ. ನೀವು ಯಾವಾಗ ಏಳ್ತೀರಿ?" ಎಂದು ಕೇಳಿದ. ಡಾಕ್ಟರು ಒಳಗಿನಿಂದ ಕೇಳಿಸಿಕೊಂಡು ನಕ್ಕರು. ಆಮೇಲೆ ನಗದೆ, ನಿವೃತ್ತಿ ಹತ್ತಿರವಿರುವಾಗ ಸ್ವಲ್ಪ ಜಾಗ್ರತೆಯಾಗಿರಬೇಕೆಂದು ತಿಳಿಹೇಳಿದರು. ಔಷಧ ಅಳೆಯುವ ಕೈ ನನ್ನದು. ಮನುಷ್ಯರಾದರೆ ಏನೋ ಹೆಚ್ಚುಕಡಿಮೆಯಾಯಿತೆಂದು ಬಾಯಿ ಮಾಡುತ್ತಾರೆ, ದನ ಏನು ಹೇಳೀತು? ನಿಜಕ್ಕೂ ಹೆದರಿಕೆಯಾಯಿತು.

ಇಂಥ ಹೊತ್ತಿನಲ್ಲಿ ಮಗಳನ್ನು ನೋಡಿ ಬರಲೆಂದು ಶಿಗ್ಗಾಂವಿಗೆ ಹೋದೆ. ಅಳಿಯ ಮಹೇಶನದು ಅಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ರಾತ್ರಿ ಊಟವಾದ ಮೇಲೆ ಅಳಿಯ ಒಳಗಿನಿಂದ ತಾನೇ ಕೌದಿ ತಂದು, "ಮಾವಾರ, ಥಂಡಿ ಐತಿ, ನಮ್ಮ ಮನ್ಯಾಗ ಇದ ದಪ್ಪಂದು, ಹೊಚಗೋರಿ" ಎಂದು ಕಾಲಿನ ತನಕ ಹೊದಿಸಿದ. ಸುಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೌದಿಯನ್ನೇ ನೋಡಿ ಒಳಗೆ ಹೋದಳು. ನಾನು ಕಾಲು ಚಾಚಿದೆ. ಎಡಗಾಲಿನ ಹೆಬ್ಬೆರಳಿಗೆ ಏನೋ ಸಿಕ್ಕಿಕೊಂಡಿತು. ಸುಮಾಳ ದಾಪುಗಾಲಿನ ಹೊಲಿಗೆ! ಬೆರಳು ಅದರಲ್ಲಿ ತಾನಾಗಿ ಕೂತಿತು. ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿತ್ತು.

ಸತ್ಯ ಕೈಗೆ ಸಿಕ್ಕಿದರೂ, ಅಲ್ಲ, ಕಾಲಿಗೇ ಸಿಕ್ಕಿದರೂ ಬುದ್ಧಿಗೆ ಹೊಳೆಯಬಾರದೇ? ಇಲ್ಲ. ಶಿಗ್ಗಾಂವಿಯ ಗಾಳಿ ಒಳ್ಳೆಯದು ಎಂದುಕೊಂಡೆ. ನೀರೂ ಒಳ್ಳೆಯದಿರಬೇಕು ಎಂದುಕೊಂಡೆ. ಒಳ್ಳೆಯ ಅಳಿಯ ಸಿಕ್ಕವನಿಗೆ ಚಿಂತೆ ಇರುವುದಿಲ್ಲ, ಅದಕ್ಕೇ ನಿದ್ದೆ ಎಂದು ಅಳಿಯನ ಎದುರಿಗೇ ಹೊಗಳಿದೆ. ಅವನು ಸಂಕೋಚದಿಂದ ಮೋಟಾರು ಬಿಚ್ಚಲು ಹೊರಟುಹೋದ. ಅಂದಿನಿಂದ ಪ್ರತಿ ಶನಿವಾರ ನನಗೆ ಮಗಳ ನೆನಪು ಉಕ್ಕತೊಡಗಿತು. ಆದರೆ ಹೆಣ್ಣು ಕೊಟ್ಟ ಮನೆಗೆ ತಂದೆ ವಾರವಾರ ಹೋಗುವುದು ನಮ್ಮಲ್ಲಿ ಶೋಭೆಯಲ್ಲ. ನೆಪ ಬೇಕು. ಅವ್ವನಿಗೆ ಎಲೆ ಅಡಿಕೆಯ ಚಟ, ಸವಣೂರಿನ ಎಲೆಯೆಂದರೆ ಪ್ರಾಣ. "ಅವ್ವಾ, ನಿನಗ ತಾಜಾ ಎಲಿ ತರ್ತೇನಿ" ಎಂದು ಹಾನಗಲ್ಲಿನಿಂದ ಸವಣೂರಿಗೆ ಹೋಗುವುದು. ಎಲೆ, ಒಂದು ಪೊಟ್ಟಣ ಕುರುಕಲು ಖಾರ ಕೊಳ್ಳುವುದು. ಹೇಗೂ ಇಷ್ಟು ದೂರ ಬಂದಿದ್ದೇನೆ, ಶಿಗ್ಗಾಂವಿಗೂ ಹೋದರಾಯಿತೆಂದು ಖಾರ ಹಿಡಿದುಕೊಂಡು ಮಗಳ ಮನೆಗೆ ಇಳಿಯುವುದು. ಅವ್ವ ಎಷ್ಟು ಮೆದ್ದರೂ ಎಲೆ ತೀರದೆ ಓಣಿಯ ಮುದುಕಿಯರಿಗೆಲ್ಲ ಹಂಚಿದಳು. ಮಗನೆಂದರೆ ಹೀಗಿರಬೇಕೆಂದು ಓಣಿಯಲ್ಲಿ ನನಗೆ ಹೆಸರು ಬಂತು. ಆ ಹೆಸರನ್ನು ನಾನು ಬೇಡವೆನ್ನಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸುಮಾ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಉಂಡು, ಕೌದಿ ಎಳೆದುಕೊಂಡು ಹೊರಸಿನ ಮೇಲೆ ಒರಗಿದ್ದೇನೆ, ಕುತ್ತಿಗೆಗೆ ಕಟುಮ್ಮನೆ ಒಂದು ಇರುವೆ ಕಚ್ಚಿತು. ಉಜ್ಜಿದೆ. ಇನ್ನೊಂದು ಕಚ್ಚಿತು. ಎದ್ದು ನೋಡಿದರೆ ಕೆಂಪಿರುವೆಗಳು ಗೋಡೆಯಿಂದ ಇಳಿದು, ಹೊರಸಿನ ಕಾಲು ಹತ್ತಿ, ಕೌದಿಯ ಒಂದು ಮೂಲೆಗೆ ಸಾಲುಗಟ್ಟಿ ಹೋಗುತ್ತಿದ್ದವು. ಅವ್ವನ ಹೋಳಿಗೆ! ಒಣ ರೊಟ್ಟಿಯ ಚೂರಾಗಿದ್ದರೆ ಯಾವ ಇರುವೆಯೂ ತಿರುಗಿ ನೋಡುತ್ತಿರಲಿಲ್ಲ. ಬಿಚ್ಚಬಾರದೆಂಬ ಪದ್ಧತಿ ನನಗೆ ನೆನಪಿತ್ತು. ಆದರೆ ಆ ಪದ್ಧತಿ ಮಾಡಿದವರಿಗೆ ಕುತ್ತಿಗೆಗೆ ಇರುವೆ ಕಚ್ಚಿರಲಿಕ್ಕಿಲ್ಲ. ಮೂಲೆಯ ಹೊಲಿಗೆಯನ್ನು ಉಗುರಿನಿಂದ ಕಿತ್ತು, ಹೋಳಿಗೆಯ ಪುಡಿ ಕೊಡವಿದೆ. ಸೀರೆಯ ಎರಡು ಪದರಗಳ ನಡುವಿನಿಂದ ಹಸಿರು ಬಣ್ಣ ಇಣುಕಿತು. ಬೆರಳು ಹಾಕಿ ಇನ್ನಷ್ಟು ಎಳೆದೆ. ಎರಡು ಕೆಂಪು ಪಟ್ಟಿ.

ನನಗೆ ಎಂಥ ಸಿಟ್ಟು ಬಂತೆಂದರೆ ಹೇಳಲಾರೆ. ಅಷ್ಟೂ ದಿನದ ಕಣ್ಣುರಿ, ಎಮ್ಮೆಯ ಮುಂದೆ ಆದ ಮಾನಭಂಗ, ಗದ್ದದ ಕೆಳಗಿನ ಹುಲಿ, ಎಲ್ಲ ಒಟ್ಟಿಗೆ ನೆನಪಾದವು. "ಸುಮಾ!" ಎಂದು ಕೂಗಿದೆ. "ನಿಮ್ಮವ್ವನ ಕೆಲಸ ನೋಡಿಲ್ಲೆ! ನನ್ನ ರಗ್ಗು ಕೌದಿ ಒಳಗ ಹಾಕ್ಯಾಳ! ಹೋಗಲಿ, ನಿನಗರ ಗೊತ್ತಿತ್ತೋ ಇಲ್ಲೋ?"

ಸುಮಾ ಕೈ ಒರೆಸಿಕೊಳ್ಳುತ್ತ ಬಂದು, ಕಿತ್ತ ಮೂಲೆಯನ್ನು ನೋಡಿ, ಹೊರಸಿನ ತುದಿಗೆ ಕೂತಳು. "ಅವ್ವಂದೇನೂ ತಪ್ಪಿಲ್ಲಪಾ. ನಾನ ಕೇಳಿದ್ನಿ."

"ನೀ? ನಾರತೈತಿ ಅಂತಿದ್ದಿ!"

"ನಾರತೈತಿ. ಅದಕ್ಕ ಕೇಳಿದ್ನಿ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. "ಹೊಸ ಮನಿ, ಹೊಸ ಮಂದಿ. ನಿದ್ದಿ ಬರದಿದ್ರ ಏನ ಮಾಡ್ಲಿ ಅಂತ ಅಂಜಿಕಿ ಇತ್ತು. ನಿಮ್ಮಪ್ಪನ್ನ ಕೇಳಿ ಹಾಕೂಣು ಅಂದ್ಲು ಅವ್ವ. ಬ್ಯಾಡ, ಕೇಳಿದ್ರ ಅಪ್ಪ ಹೂಂ ಅಂತಾನ, ಕೊಟ್ಟು ಆಮ್ಯಾಲ ನಿದ್ದಿಗೆಡತಾನ, ಕಳದೈತಿ ಅಂದ್ರ ನಾಕ ದಿನ ಹುಡುಕಿ ಮರೀತಾನ ಅಂದ್ನಿ. ನೀ ಮರೀಲೇ ಇಲ್ಲ."

ನಾನು ಉಳಿದ ಇರುವೆಗಳನ್ನು ಒಂದೊಂದಾಗಿ ಕೌದಿಯಿಂದ ಕೊಡವತೊಡಗಿದೆ.

"ಇನ್ನೊಂದು ಹೇಳ್ಲೇನಪಾ? ಸಿಟ್ಟಾಗಬ್ಯಾಡ" ಎಂದಳು. "ಶನಿವಾರ ನೀ ಬರ್ತಿ, ಇವರು ಈ ಕೌದಿ ನಿನಗ ಹೊಚ್ಚತಾರ. ನೀ ಬಂದಿ ಅಂತ ಖುಷಿ ಆಗತೈತಿ. ಆದ್ರ ಅವತ್ತ ರಾತ್ರಿ ನನಗ ನಿದ್ದಿ ಬರೂದಿಲ್ಲ."

ನಾನು ಶಿಗ್ಗಾಂವಿಯ ಗಾಳಿಯನ್ನೂ ನೀರನ್ನೂ ಹೊಗಳುತ್ತ, ಮಗಳ ಪಾಲಿನ ನಿದ್ದೆಯನ್ನು ವಾರವಾರ ಹೊದ್ದು ಹಾಕುತ್ತಿದ್ದೆ. ಮೂಗು ಹಿಡಿದುಕೊಂಡು ಮಗ್ಗುಲಿಗೆ ನುಗ್ಗುತ್ತಿದ್ದ ಆ ಹುಡುಗಿ ಇನ್ನೂ ಎಲ್ಲೂ ಹೋಗಿರಲಿಲ್ಲ ಎಂದು ಒಂದು ಕಡೆ ಸಂತೋಷ, ಅವಳಿಂದಲೇ ಹೊದಿಕೆ ಕಸಿದುಕೊಂಡೆನಲ್ಲ ಎಂದು ಇನ್ನೊಂದು ಕಡೆ ನಾಚಿಕೆ. ಅವಳ ಸೂಜಿ ಡಬ್ಬಿ ತರಿಸಿ, ಅಡುಗೆಮನೆಯಿಂದ ಒಂದು ಚೂರು ಒಣ ರೊಟ್ಟಿ ತರಿಸಿ, ಕೌದಿಯ ಬಾಯಲ್ಲಿಟ್ಟು, ಆ ಮೂಲೆಯನ್ನು ನಾನೇ ಹೊಲಿದೆ. ದನಗಳ ಗಾಯಕ್ಕೆ ಹಾಕುವ ಹೊಲಿಗೆ ನನಗೆ ಬರುತ್ತದೆ. ಸುಮಾ ನೋಡಿ, "ಇದು ಬಿಚ್ಚೂದಿಲ್ಲ ಬಿಡಪಾ" ಎಂದು ನಕ್ಕಳು. ಸಂಜೆಯ ಬಸ್ಸಿಗೆ ಹಾನಗಲ್ಲಿಗೆ ಬಂದೆ.

ಮನೆಯಲ್ಲಿ ವಿಷಯ ತಿಳಿಸಿದಾಗ ಅವ್ವ, "ಬಗಲಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದ್ರಂತ. ನೀ ಮೈಮ್ಯಾಲ ಹೊಚಗೊಂಡ ಹುಡುಕಿದ್ಯಲ್ಲೋ!" ಎಂದು ಬಾಯಿ ತುಂಬ ಎಲೆ ಇದ್ದುದನ್ನೂ ಮರೆತು ನಕ್ಕಳು. ಆಮೇಲೆ ಕರುಣೆ ಬಂದು, ನನಗೂ ಒಂದು ಕೌದಿ ಹೊಲಿದುಕೊಡುತ್ತೇನೆಂದಳು. ಸೀರೆಗಳಿಗೆ ಬರವಿಲ್ಲ, ಹೊಟ್ಟೆಗೇನು? ಹುಲಿ ನಿದ್ದೆ ಕಂಡದ್ದಲ್ಲ, ಆದ್ದರಿಂದ ಬೇಡ. ನಿದ್ದೆ ಕಂಡ ಹಳೇ ರಗ್ಗು ಮನೆಯಲ್ಲಿ ಉಳಿದಿದ್ದು ಒಂದೇ, ಗಿರಿಜಾ ತವರಿನಿಂದ ತಂದದ್ದು. ಅವ್ವನ ಕಣ್ಣು ಅತ್ತ ಹೋದದ್ದೇ ತಡ, ಗಿರಿಜಾ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, "ಮಲಗೂ ಮುಂದ ತಗೀತೇನಿ, ಎದ್ದ ಮ್ಯಾಲ ಇಡತೇನಿ. ಈ ಮನ್ಯಾಗ ಯಾರನ್ನೂ ನಂಬೂ ಹಂಗಿಲ್ಲ" ಎಂದಳು. ನಾನೂ ಹಾಗೇ ಬೀಗ ಹಾಕಿ ಇಡಬೇಕಿತ್ತು ಎನ್ನಿಸಿತು. ಆದರೆ ಬೀಗದ ಕೈ ಸುಮಾ ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಕೊಡುತ್ತಿದ್ದೆ. ಅವಳು ನನ್ನನ್ನು ಸರಿಯಾಗಿಯೇ ಅಳೆದಿದ್ದಳು.

ಹೀಗೆ ನನ್ನ ರಾತ್ರಿಗಳು ಹುಲಿಯ ಪಾಲಾದವು. ಶಿಗ್ಗಾಂವಿಯಲ್ಲಿ ರಾತ್ರಿ ಉಳಿಯುವುದನ್ನು ಬಿಟ್ಟುಬಿಟ್ಟೆ. ಆದರೆ ನೀತಿವಂತನಾದ ಮನುಷ್ಯನೂ ಯೋಚನೆ ಮಾಡುವುದನ್ನು ಬಿಡುವುದಿಲ್ಲವಲ್ಲ. ಸುಮಾ ಕೌದಿ ಹೊದೆಯುವುದು ರಾತ್ರಿ. ಮಧ್ಯಾಹ್ನ ಅದು ಸುಮ್ಮನೆ ಮಡಚಿ ಬಿದ್ದಿರುತ್ತದೆ. ಮಧ್ಯಾಹ್ನದ ಕೌದಿ ಯಾರ ನಿದ್ದೆಯನ್ನು ಕಸಿದೀತು? ಕಳೆದ ಭಾನುವಾರ ಬೆಳಿಗ್ಗೆಯ ಬಸ್ಸು ಹಿಡಿದೆ. ಹೋಗಿ ನೋಡಿದರೆ ಸುಮಾ ಕೌದಿಯನ್ನು ಹಿತ್ತಲ ಬಿಸಿಲಿಗೆ ಹಾಕಿ, ಬೆಚ್ಚಗೆ ಮಾಡಿ, ಹೊರಸಿನ ಮೇಲೆ ಹರಡಿ ಇಟ್ಟಿದ್ದಳು. ತನ್ನ ದಾಪುಗಾಲಿನ ಹೊಲಿಗೆಯ ಮೂಲೆ ಕಾಲಿನ ಕಡೆ, ಎಡಕ್ಕೆ. ಬರುತ್ತೇನೆಂದು ನಾನು ಹೇಳಿರಲಿಲ್ಲ. ಅವಳು ಊಟಕ್ಕೆ ಬಡಿಸಿದಳು. ಉಂಡು ಮಲಗಿದವನಿಗೆ ಅಳಿಯ ಬಂದು ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸಬೇಕಾಯಿತು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವ್ವ ಕೈ ಚಾಚಿದಳು. "ಎಲಿ ಎಲ್ಲಿ?"

ನಾನು ಎರಡೂ ಜೇಬು ಮುಟ್ಟಿ ನೋಡಿಕೊಂಡೆ. ಸವಣೂರಿಗೆ ಹೋಗುವುದೇ ಮರೆತುಹೋಗಿತ್ತು. ಅವ್ವ ನನ್ನ ಮುಖ ನೋಡಿ, ಕೆನ್ನೆಯ ಮೇಲೆ ಮೂಡಿದ್ದ ಕೌದಿಯ ಹೊಲಿಗೆಯ ಸಾಲನ್ನು ಬೆರಳಿನಿಂದ ಒಂದು ಸಲ ಸವರಿ, "ಹೋಗಲಿ ಬಿಡು, ಉಂಡು ಮಕ್ಕೋ" ಎಂದಳು. ಗಿರಿಜಾ ಒಳಗಿನಿಂದ ಹುಲಿಯನ್ನು ತಂದು ನನ್ನ ಕೈಗೆ ಕೊಟ್ಟಳು.